ಹೊಗೆ ತಿನ್ನಬೇಕಾದ ಒಲೆಯೇ ಹೊಗೆ ಉಗುಳಿದರೆ

ಪ್ರಶ್ನೆ: ನಮಸ್ಕಾರ ಸರ್. ನಾವು ಅಮೆರಿಕದ ವರ್ಮಾಂಟ್‌ನಲ್ಲಿ ಇದ್ದೇವೆ. ಎರಡು ವರ್ಷದ ಹಿಂದೆ ಕೊಂಡ ಮನೆಯ ಜೊತೆಗೆ, ಹೊಗೆಯನ್ನೇ ಸುಡುವ ಕ್ಯಾಟಲಿಸ್ಟ್ ಎಂಬ ಭಾಗ ಇರುವ ಸೌದೆ ಒಲೆಯೂ ಬಂತು. ಒಲೆಗೆ ಒಂಬತ್ತು ವರ್ಷವಾಗಿದೆಯಂತೆ. ಹೋದ ಚಳಿಗಾಲದಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋಗಿದ್ದ ಸೌದೆಯನ್ನೇ ಉರಿಸಿದೆವು. ರಾತ್ರಿ ಹತ್ತಕ್ಕೆ ತುಂಬಿದರೆ ಬೆಳಗ್ಗೆ ಏಳಕ್ಕೂ ಕೆಂಡ ಇರುತ್ತಿತ್ತು. ಕ್ಯಾಟಲಿಸ್ಟಿನ ಥರ್ಮಾಮೀಟರ್ ಮುಳ್ಳು 1000 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿತ್ತು. ಈ ವರ್ಷ ಸೆಪ್ಟೆಂಬರ್‌ನಲ್ಲಿ ಒಣಗಿದ್ದು ಎಂದು ಹೇಳಿ ಕೊಟ್ಟ ಓಕ್ ಸೌದೆ ತರಿಸಿದೆವು. ಡಿಸೆಂಬರ್‌ನಿಂದ ಮುಳ್ಳು 400 ದಾಟುತ್ತಿಲ್ಲ. ಬೆಳಗಾಗುವಷ್ಟರಲ್ಲಿ ಗಾಜು ಕಪ್ಪಾಗಿರುತ್ತದೆ. ಬಾಗಿಲು ತೆರೆದರೆ ಹೊಗೆ ಮುಖಕ್ಕೆ ಬರುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಹಾಕಿದ್ದರಂತೂ ಮನೆತುಂಬ. ಪಕ್ಕದ ಮನೆಯವರು ಎರಡು ಸಲ ಬಂದು ಹೇಳಿ ಹೋದರು. ಆರು ವರ್ಷದ ಮಗಳಿಗೆ ಕೆಮ್ಮು. ಒಬ್ಬರು ಕ್ಯಾಟಲಿಸ್ಟ್ ಸತ್ತಿದೆ, ಹೊಸದು ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ಅದನ್ನು ತೆಗೆದೇ ಬಿಡಿ, ಒಲೆ ಚೆನ್ನಾಗಿ ಉರಿಯುತ್ತದೆ ಎನ್ನುತ್ತಾರೆ. ವಿನೆಗರ್‌ನಲ್ಲಿ ಕುದಿಸಿದರೆ ಸರಿಹೋಗುತ್ತದೆ ಎಂದೂ ಓದಿದೆ. ಉರಿ ಹತ್ತಿಸಲು ಕೊರಿಯರ್ ರಟ್ಟಿನ ಡಬ್ಬಿ, ಬಣ್ಣದ ಕಾಗದ ಬಳಸುತ್ತೇವೆ, ಅದರಿಂದ ಹೀಗಾಯಿತೇ? ಸಾಗರದಿಂದ ಬಂದಿರುವ ನಮ್ಮ ಅತ್ತೆಯವರು ಮಾತ್ರ ‘ಸೌದೆ ಹಸಿ, ಇನ್ನೇನೂ ಅಲ್ಲ’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಅತ್ತೆಯವರ ಮಾತನ್ನು ಮೊದಲು ಕೇಳಿ. ಉಳಿದವರು ಹೇಳಿದ್ದರಲ್ಲಿ ಒಂದಿಷ್ಟು ಸತ್ಯವಿದೆ, ಅದಕ್ಕೂ ಬರುತ್ತೇನೆ. ಆದರೆ ಅದೆಲ್ಲಕ್ಕಿಂತ ಮುಂಚೆ ಇವತ್ತೇ ಮಾಡಬೇಕಾದ ಕೆಲಸವೊಂದಿದೆ.

ಮನೆಯೊಳಕ್ಕೆ ಹೊಗೆ ಬರುತ್ತಿದೆ ಎಂದರೆ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತಿದೆ. ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ; ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಲಾರ್ಮನ್ನು ಗೋಡೆಯಿಂದ ಇಳಿಸಿ, ಹಿಂಬದಿಯಲ್ಲಿ ಅಚ್ಚಾಗಿರುವ ತಾರೀಖು ನೋಡಿ. ಇವುಗಳ ಆಯಸ್ಸು ಮಾದರಿಯನ್ನು ಅವಲಂಬಿಸಿ ಐದರಿಂದ ಹತ್ತು ವರ್ಷ. ಗುಂಡಿ ಒತ್ತಿದಾಗ ಕೂಗುತ್ತದೆ ಎಂದರೆ ಬ್ಯಾಟರಿ ಮತ್ತು ಗಂಟೆ ಸರಿಯಿವೆ ಎಂದಷ್ಟೇ ಅರ್ಥ, ಅನಿಲವನ್ನು ಗುರುತಿಸುವ ಭಾಗ ಮುದಿಯಾಗಿರಬಹುದು. ಮನೆಯ ಪ್ರತಿ ಅಂತಸ್ತಿನಲ್ಲೂ ಒಂದು ಇರಲಿ, ಮಲಗುವ ಕೋಣೆಗಳ ಹತ್ತಿರ ಒಂದು ಖಂಡಿತ ಇರಲಿ. ಬೆಳಗ್ಗೆ ಎದ್ದಾಗ ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದ ಮೇಲೆ ಕಡಿಮೆಯಾದರೆ ಅದನ್ನು ಶೀತವೆಂದು ತಳ್ಳಿಹಾಕಬೇಡಿ. ಮಗಳ ಕೆಮ್ಮಿನ ಬಗ್ಗೆ ವೈದ್ಯರಿಗೆ ಹೇಳುವಾಗ ಮನೆಯಲ್ಲಿ ಸೌದೆ ಒಲೆ ಹೊಗೆಯಾಡುತ್ತಿದೆ ಎಂಬುದನ್ನೂ ಹೇಳಿ. ಅವರಾಗಿಯೇ ಅದನ್ನು ಊಹಿಸಲಾರರು. ಒಲೆ ಸರಿಹೋಗುವವರೆಗೆ ರಾತ್ರಿ ತುಂಬಿಟ್ಟು ಮಲಗುವುದನ್ನು ನಿಲ್ಲಿಸಿ, ಮನೆ ಬಿಸಿಮಾಡುವ ಫರ್ನೇಸ್ ಹಚ್ಚಿಕೊಳ್ಳಿ. ಒಂದಿಷ್ಟು ಎಣ್ಣೆಯ ಬಿಲ್ಲು ಹೆಚ್ಚಾದೀತು, ಆಗಲಿ.

ಈಗ ನಿಮ್ಮ ಮುಖ್ಯ ಅನುಮಾನಕ್ಕೆ ಬರೋಣ: ಕ್ಯಾಟಲಿಸ್ಟ್ ಸತ್ತಿದೆಯೇ?

ಅದು ಏನು ಮಾಡುತ್ತದೆ ಎಂದು ತಿಳಿದರೆ ಉತ್ತರ ಅರ್ಧ ಸಿಕ್ಕಿದಂತೆ. ಊರಿನ ಒಲೆಯಲ್ಲಿ ಹೊಗೆ ಎಂದರೆ ಹೊರಗೆ ಹೋಗಬೇಕಾದ ವಸ್ತು. ಹೋಗುವ ದಾರಿಯಲ್ಲಿ ಅಟ್ಟದ ಮೇಲಿನ ಕಾಯಿ, ಮೆಣಸನ್ನು ಒಣಗಿಸಿ ಹೋದರೆ ಲಾಭ. ನಿಮ್ಮ ಒಲೆಗೆ ಹೊಗೆಯೇ ಸೌದೆ. ಕಟ್ಟಿಗೆ ಬಿಸಿಯಾದಾಗ ಹೊರಡುವ ಅನಿಲ, ಎಣ್ಣೆಯಂಥ ಆವಿ, ಟಾರಿನ ಹನಿಗಳಲ್ಲಿ ಸಾಕಷ್ಟು ಶಾಖ ಅಡಗಿದೆ. ಅವು ತಾವಾಗಿ ಹೊತ್ತಿಕೊಳ್ಳಬೇಕಾದರೆ ಸುಮಾರು 1100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 600 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು. ಜೇನುಗೂಡಿನಂತೆ ಕಣ್ಣುಕಣ್ಣಾಗಿರುವ ಪಿಂಗಾಣಿಯ ಇಟ್ಟಿಗೆಗೆ ಪಲ್ಲಾಡಿಯಮ್ ಅಥವಾ ಪ್ಲಾಟಿನಮ್‌ನ ತೆಳು ಲೇಪ ಕೊಟ್ಟು ಆ ಹೊಗೆಯನ್ನು ಅದರೊಳಗಿಂದ ಹಾಯಿಸಿದರೆ, ಸುಮಾರು 500 ಡಿಗ್ರಿ ಫ್ಯಾರನ್‌ಹೀಟ್‌ಗೇ ಹೊತ್ತಿಕೊಳ್ಳುತ್ತದೆ. 1975ರ ಮಾದರಿಯಿಂದ ಅಮೆರಿಕದ ಕಾರುಗಳ ಹೊಗೆಕೊಳವೆಯಲ್ಲಿ ಸೇರಿಕೊಂಡದ್ದೂ ಇದೇ ತಂತ್ರ. ಒಮ್ಮೆ ಹೊತ್ತಿಕೊಂಡ ಮೇಲೆ ಹೊಗೆಯ ಶಾಖವೇ ಕ್ಯಾಟಲಿಸ್ಟನ್ನು ಬಿಸಿಯಾಗಿ ಇಡುತ್ತದೆ. ಆದ್ದರಿಂದಲೇ ಇಂಥ ಒಲೆಯಲ್ಲಿ ಗಾಳಿಯನ್ನು ಕಡಿಮೆ ಮಾಡಿ ಇಡೀ ರಾತ್ರಿ ನಿಧಾನವಾಗಿ ಉರಿಸಬಹುದು.

ಇದರಲ್ಲಿ ಗಮನಿಸಬೇಕಾದ ಮಾತು 500 ಡಿಗ್ರಿ. ಅದಕ್ಕಿಂತ ಕೆಳಗೆ ಹೊಚ್ಚ ಹೊಸ ಕ್ಯಾಟಲಿಸ್ಟ್ ಕೂಡ ಬರಿಯ ಇಟ್ಟಿಗೆ. ನಿಮ್ಮ ಮುಳ್ಳು 400ರಲ್ಲಿ ನಿಂತಿದೆ. ಕ್ಯಾಟಲಿಸ್ಟ್ ಕೆಲಸ ಮಾಡದೆ ಬಿಸಿ ಏರುತ್ತಿಲ್ಲವೋ, ಬಿಸಿ ಏರದೆ ಕ್ಯಾಟಲಿಸ್ಟ್ ಕೆಲಸ ಮಾಡುತ್ತಿಲ್ಲವೋ ಎಂಬುದು ಆ ಅಂಕಿಯಿಂದ ಗೊತ್ತಾಗುವುದಿಲ್ಲ. ಬಂದವರು ಮುಳ್ಳು ನೋಡಿ ‘ಸತ್ತಿದೆ’ ಎಂದು ಹೇಳಿದ್ದರೆ ಅವಸರಪಟ್ಟಿದ್ದಾರೆ.

ನಿಮ್ಮ ಪತ್ರದಲ್ಲೇ ಇನ್ನೊಂದು ಸುಳಿವಿದೆ. ಹೋದ ಚಳಿಗಾಲದಲ್ಲಿ ಇದೇ ಕ್ಯಾಟಲಿಸ್ಟ್ 1000 ಡಿಗ್ರಿ ದಾಟಿತ್ತು. ಕ್ಯಾಟಲಿಸ್ಟ್ ಬಲ್ಬಿನಂತೆ ಒಂದು ದಿನ ಸುಟ್ಟುಹೋಗುವ ವಸ್ತುವಲ್ಲ, ಈಳಿಗೆಮಣೆಯ ಅಲಗಿನಂತೆ ಬಳಸುತ್ತ ಬಳಸುತ್ತ ಮೊಂಡಾಗುವಂಥದು. ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ಸಾವಿರ ಗಂಟೆ ಬಾಳುತ್ತದೆ ಎಂದು ಲೆಕ್ಕ. ಐದು ತಿಂಗಳು ಹಗಲು ರಾತ್ರಿ ಉರಿಸಿದರೆ ವರ್ಷಕ್ಕೆ 3600 ಗಂಟೆಯಾಯಿತು, ಮೂರು ವರ್ಷಕ್ಕೆ ಮುಗಿಯಿತು. ಸಂಜೆ ಮಾತ್ರ ಉರಿಸುವವರಿಗೆ ಹತ್ತು ವರ್ಷವೂ ಬಂದೀತು. ಒಂಬತ್ತು ವರ್ಷದ ಒಲೆಯಲ್ಲಿ ಮೂಲ ಕ್ಯಾಟಲಿಸ್ಟೇ ಇದ್ದರೆ ಅದು ಮುದಿಯಾಗಿರುವುದು ಸಹಜ, ಇದನ್ನು ಮುಚ್ಚಿಡುವುದಿಲ್ಲ. ಸಾಧ್ಯವಾದರೆ ಹಿಂದಿನ ಮಾಲೀಕರನ್ನು ಒಮ್ಮೆ ಕೇಳಿ. ಆದರೆ ಹೋದ ಮಾರ್ಚಿನಲ್ಲಿ ಚೆನ್ನಾಗಿದ್ದು ಡಿಸೆಂಬರಿನಲ್ಲಿ ಪೂರಾ ಕೈಕೊಟ್ಟಿತು ಎಂದರೆ, ಈ ನಡುವೆ ಬದಲಾದದ್ದು ಏನು ಎಂದು ನೋಡಬೇಕು. ಬದಲಾದದ್ದು ಸೌದೆ.

ಇಪ್ಪತ್ತು ವರ್ಷಗಳಿಂದ ಈ ಭಾಗದಲ್ಲಿ ಒಲೆ, ಚಿಮಣಿಗಳ ತಪಾಸಣೆಯ ಕೆಲಸ ಮಾಡುತ್ತಿದ್ದೇನೆ. ‘ಕ್ಯಾಟಲಿಸ್ಟ್ ಕೆಟ್ಟಿದೆ’ ಎಂದು ಕರೆಸಿದ ಮನೆಗಳಲ್ಲಿ ನಾನು ಮೊದಲು ಹೋಗುವುದು ಒಲೆಯ ಹತ್ತಿರಕ್ಕಲ್ಲ, ಸೌದೆ ಪೇರಿಸಿಟ್ಟ ಜಾಗಕ್ಕೆ. ಓಕ್ ಒಳ್ಳೆಯ ಮರ, ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಆದರೆ ನೀರು ಬಿಡುವುದರಲ್ಲಿ ಅದರಷ್ಟು ಹಟಮಾರಿ ಮರ ಈ ಕಡೆ ಇನ್ನೊಂದಿಲ್ಲ. ಸೀಳಿ, ಗಾಳಿ ಆಡುವಂತೆ ಪೇರಿಸಿಟ್ಟರೂ ಎರಡು ಬೇಸಿಗೆ ಬೇಕು, ದಪ್ಪ ಸೀಳಾದರೆ ಮೂರು. ಮಾರುವವರು ಒಣಗಿದೆ ಎಂದದ್ದು ಪೂರಾ ಸುಳ್ಳೇ ಆಗಿರಬೇಕಿಲ್ಲ. ಮರವನ್ನು ಕಡಿದು ವರ್ಷವಾಗಿರಬಹುದು, ಕೊರಡಾಗಿಯೇ ಬಿದ್ದಿದ್ದು ನಿಮಗೆ ತಂದುಕೊಡುವ ವಾರ ಸೀಳಿರಬಹುದು. ತೊಗಟೆ ಸುತ್ತಿದ ಕೊರಡಿನೊಳಗಿನ ನೀರು ಎಲ್ಲಿಗೂ ಹೋಗುವುದಿಲ್ಲ. ಒಣಗುವ ಲೆಕ್ಕ ಸೀಳಿದ ದಿನದಿಂದ ಶುರುವಾಗುತ್ತದೆ, ಕಡಿದ ದಿನದಿಂದಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬಚ್ಚಲ ಒಲೆಗೆ ಈ ವರ್ಷ ಸೀಳಿದ ಸೌದೆಯನ್ನು ಈ ಮಳೆಗಾಲಕ್ಕೆ ಮುಟ್ಟುತ್ತಿರಲಿಲ್ಲ. ಕೊಟ್ಟಿಗೆಯ ಒಳಬದಿಯಲ್ಲಿ ಹೋದ ವರ್ಷದ್ದು, ಹೊರಬದಿಯಲ್ಲಿ ಈ ವರ್ಷದ್ದು. ಎರಡು ಸೀಳನ್ನು ಒಂದಕ್ಕೊಂದು ಬಡಿದರೆ ಒಣಗಿದ್ದು ಠಣ್ ಎನ್ನುತ್ತದೆ, ಹಸಿ ದಪ್ಪ್ ಎನ್ನುತ್ತದೆ. ನಿಮ್ಮ ಅತ್ತೆಯವರು ಬಹುಶಃ ಕೈಯಲ್ಲಿ ಎತ್ತಿ ನೋಡಿದಾಗಲೇ ತಿಳಿದುಕೊಂಡಿದ್ದಾರೆ. ಓಕ್ ಮಾತ್ರ ಈ ಪರೀಕ್ಷೆಯಲ್ಲೂ ಮೋಸ ಮಾಡಬಲ್ಲದು, ತುದಿಗಳು ಒಣಗಿ ಬಿರುಕು ಬಿಟ್ಟಿರುತ್ತವೆ, ನಡುವೆ ನೀರಿರುತ್ತದೆ. ಅದಕ್ಕೆ ತೇವಾಂಶ ಅಳೆಯುವ ಎರಡು ಮುಳ್ಳಿನ ಸಣ್ಣ ಮೀಟರ್ ಕೊಳ್ಳಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ದೊಡ್ಡದಲ್ಲ. ಬಳಸುವ ಕ್ರಮ ಮುಖ್ಯ. ಹೊರಗೆ ಹೆಪ್ಪುಗಟ್ಟಿರುವ ಸೌದೆಯಲ್ಲಿ ಮೀಟರ್ ಸುಳ್ಳು ಹೇಳುತ್ತದೆ. ರಾಶಿಯ ಬೇರೆ ಬೇರೆ ಕಡೆಯಿಂದ ನಾಲ್ಕೈದು ತುಂಡು ಆರಿಸಿ ಒಂದು ದಿನ ಮನೆಯೊಳಗೆ ಇಡಿ. ಮರುದಿನ ಮತ್ತೆ ಸೀಳಿ, ಆಗಷ್ಟೇ ತೆರೆದ ಒಳಮೈಯ ನಡುಭಾಗದಲ್ಲಿ, ನಾರಿನ ಉದ್ದಕ್ಕೆ ಮುಳ್ಳು ಚುಚ್ಚಿ ಓದಿ. ಹೊರಮೈಯಲ್ಲಿ ಚುಚ್ಚಿದರೆ 15 ಬಂದೀತು, ಅದನ್ನು ನಂಬಬೇಡಿ. ಒಳಮೈ ಶೇಕಡಾ 20ರ ಒಳಗಿದ್ದರೆ ಸೌದೆ ಸರಿಯಿದೆ. 25 ದಾಟಿದ್ದರೆ ನಿಮ್ಮ ಒಲೆಯ ರೋಗ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಬಂದ ಓಕ್ 35 ತೋರಿಸಿದರೂ ನನಗೆ ಆಶ್ಚರ್ಯವಾಗುವುದಿಲ್ಲ.

35 ಎಂದರೆ ಏನು ಗೊತ್ತೇ? ಮೀಟರಿನ ಶೇಕಡಾ ಲೆಕ್ಕ ನೀರು ಕಳೆದ ಒಣ ಮರದ ತೂಕದ ಮೇಲೆ; ಆ ಪ್ರಕಾರ ಹತ್ತು ಕಿಲೋ ಸೌದೆ ತುಂಬಿದರೆ ಅದರಲ್ಲಿ ಎರಡೂವರೆ ಲೀಟರಿಗೂ ಹೆಚ್ಚು ನೀರಿದೆ. ಅಷ್ಟನ್ನೂ ಆವಿ ಮಾಡಿದ ಮೇಲೆಯೇ ಬೆಂಕಿಗೆ ಬಿಡುವು. ಆ ಆವಿ ಕ್ಯಾಟಲಿಸ್ಟಿನ ಮೂಲಕವೇ ಹೋಗುತ್ತದೆ, ಅದನ್ನು 500 ಡಿಗ್ರಿಗೆ ಏರಲು ಬಿಡುವುದಿಲ್ಲ. ಮುಂದೆ ಚಿಮಣಿಯನ್ನು ತಣ್ಣಗಾಗಿಸುತ್ತದೆ. ತಣ್ಣಗಿನ ಚಿಮಣಿಯಲ್ಲಿ ಸೆಳೆತ ಇರುವುದಿಲ್ಲ. ಸೆಳೆತವಿಲ್ಲದಿದ್ದರೆ ಬಾಗಿಲು ತೆರೆದಾಗ ಹೊಗೆ ನಿಮ್ಮ ಮುಖಕ್ಕೇ ಬರಬೇಕು. ಸುಡದ ಹೊಗೆ ಗಾಜಿನ ಮೇಲೆ ಕಪ್ಪಾಗಿ, ಚಿಮಣಿಯ ಗೋಡೆಗೆ ಡಾಂಬರಿನಂಥ ಅಂಟು ಮಸಿಯಾಗಿ ಹತ್ತುತ್ತದೆ. ಇಲ್ಲಿ ಅದನ್ನು ಕ್ರಿಯೋಸೋಟ್ ಎನ್ನುತ್ತಾರೆ. ನೀವು ಬರೆದ ತೊಂದರೆಗಳಲ್ಲಿ ಹೆಚ್ಚಿನವು ಈ ಒಂದೇ ದಾರದಲ್ಲಿ ಪೋಣಿಸಿಕೊಂಡು ಬರುತ್ತವೆ.

ಆ ಕ್ರಿಯೋಸೋಟ್ ಬಗ್ಗೆ ನನಗೆ ನಿಜವಾದ ಭಯವಿದೆ, ಅದಕ್ಕಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಅದು ಬರಿಯ ಮಸಿಯಲ್ಲ, ಉರಿಯುವ ವಸ್ತು. ಎರಡು ತಿಂಗಳು ಹಸಿ ಓಕ್ ಹೊಗೆಯಾಡಿದ ಚಿಮಣಿಯಲ್ಲಿ ಎಷ್ಟು ಹತ್ತಿದೆಯೋ ತೆರೆದು ನೋಡದೆ ಹೇಳಲಾಗದು. ಮೂರು ಮಿಲಿಮೀಟರ್ ದಪ್ಪಕ್ಕೆ ಬಂದರೆ ಗುಡಿಸಿಸಬೇಕು, ಆರಕ್ಕೆ ಬಂದರೆ ಬೆಂಕಿ ಹಚ್ಚುವುದನ್ನೇ ನಿಲ್ಲಿಸಬೇಕು. ಇಷ್ಟು ದಿನ ಹೊಗೆಯಾಡಿದ ಒಲೆಗೆ ಒಮ್ಮೆಲೇ ಒಣ ಸೌದೆ ಹಾಕಿ ಜೋರು ಉರಿ ಎಬ್ಬಿಸಿದಾಗಲೇ ಚಿಮಣಿಗೆ ಬೆಂಕಿ ಹಿಡಿಯುವ ಸಂಭವ ಹೆಚ್ಚು. ಆದ್ದರಿಂದ ಒಣ ಸೌದೆ ತಂದ ದಿನವೇ ಪ್ರಯೋಗ ಮಾಡಬೇಡಿ. ಮೊದಲು ಪರವಾನಗಿ ಇರುವ ಚಿಮಣಿ ಕೆಲಸದವರನ್ನು ಕರೆಸಿ, ಮೇಲಿನಿಂದ ಕೆಳಗಿನವರೆಗೆ ಗುಡಿಸಿಸಿ, ನೋಡಿಸಿ. ಇಲ್ಲಿನ ಅಗ್ನಿಸುರಕ್ಷಾ ಮಾನದಂಡ ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಲಿ ಎನ್ನುತ್ತದೆ, ನೀವು ಮನೆ ಕೊಂಡ ಮೇಲೆ ಮಾಡಿಸಿದ ಬಗ್ಗೆ ಪತ್ರದಲ್ಲಿ ಏನೂ ಇಲ್ಲ. ಒಂದು ವೇಳೆ ಚಿಮಣಿಯೊಳಗಿಂದ ರೈಲು ಬಂದಂತೆ ಭೋರೆಂಬ ಸದ್ದು ಕೇಳಿದರೆ ಒಲೆಯ ಗಾಳಿ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 911ಕ್ಕೆ ಕರೆ ಮಾಡಿ. ನೀರು ಸುರಿಯಬೇಡಿ.

ಚಿಮಣಿಯ ತಲೆಯ ಮೇಲೆ ಹಕ್ಕಿ, ಕಿಡಿ ತಡೆಯಲು ಕೂರಿಸಿರುವ ಟೋಪಿಯ ಜಾಲರಿಯನ್ನೂ ಅವರಿಗೆ ತೋರಿಸಿ. ನ್ಯೂ ಹ್ಯಾಂಪ್‌ಶೈರ್‌ನ ಒಂದು ಮನೆಯಲ್ಲಿ ಮೂರು ವರ್ಷದಲ್ಲಿ ಎರಡು ಕ್ಯಾಟಲಿಸ್ಟ್ ಬದಲಿಸಿದ್ದರು. ನಾನು ಏಣಿ ಹಾಕಿ ಹತ್ತಿ ನೋಡಿದರೆ ಜಾಲರಿಯ ಕಣ್ಣುಗಳು ಮುಕ್ಕಾಲು ಪಾಲು ಮಸಿಯಿಂದ ಕಟ್ಟಿಕೊಂಡಿದ್ದವು. ಬ್ರಷ್ಷಿನಿಂದ ಉಜ್ಜಿದ ಅರ್ಧ ಗಂಟೆಯ ಕೆಲಸಕ್ಕೆ ಒಲೆ ಮೊದಲಿನಂತಾಯಿತು. ತೆಗೆದಿಟ್ಟಿದ್ದ ಹಳೆಯ ಕ್ಯಾಟಲಿಸ್ಟ್ ಎರಡೂ ಚೆನ್ನಾಗಿದ್ದವು.

ಎಕ್ಸಾಸ್ಟ್ ಹಾಕಿದಾಗ ಹೊಗೆ ಹೆಚ್ಚಾಗುತ್ತದೆ ಎಂದು ಬರೆದಿದ್ದೀರಿ. ಇದು ಸೌದೆಯಿಂದ ಬಂದದ್ದಲ್ಲ, ಬೇರೆಯೇ ಸಮಸ್ಯೆ, ನಮ್ಮವರ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಸಮಸ್ಯೆ. ಒಗ್ಗರಣೆಯ ಘಾಟು ಮನೆಯಲ್ಲಿ ನಿಲ್ಲಬಾರದೆಂದು ದೊಡ್ಡ ಫ್ಯಾನ್ ಹಾಕಿಸಿಕೊಂಡಿರುತ್ತೇವೆ. ಚಳಿಗಾಗಿ ಸಂದುಗೊಂದುಗಳನ್ನೆಲ್ಲ ಮುಚ್ಚಿದ ಮನೆಯಿಂದ ಅದು ಗಾಳಿಯನ್ನು ಹೊರಗೆ ನೂಕುತ್ತದೆ, ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಮನೆಯಲ್ಲಿ ತೆರೆದಿರುವ ದೊಡ್ಡ ದಾರಿ ಯಾವುದು? ಒಲೆಯ ಚಿಮಣಿ. ಮೇಲೆ ಹೋಗಬೇಕಾದ ಹೊಗೆ ಅದರಲ್ಲೇ ಕೆಳಗೆ ಇಳಿಯುತ್ತದೆ. ನಿಮಿಷಕ್ಕೆ 400 ಘನ ಅಡಿಗಿಂತ ಹೆಚ್ಚು ಗಾಳಿ ಎಳೆಯುವ ಅಡುಗೆ ಫ್ಯಾನ್‌ಗೆ ಬದಲಿ ಗಾಳಿಯ ವ್ಯವಸ್ಥೆ ಇರಬೇಕು ಎಂದು ಅಮೆರಿಕದ ಮಾದರಿ ವಸತಿ ಸಂಹಿತೆ ಹೇಳುತ್ತದೆ; ಹಳೆಯ ಮನೆಗೆ ಆಮೇಲೆ ಫ್ಯಾನ್ ಕೂರಿಸಿದವರು ಅದನ್ನು ಮಾಡಿರುವುದಿಲ್ಲ. ಬಟ್ಟೆ ಒಣಗಿಸುವ ಯಂತ್ರವೂ ಹೀಗೆಯೇ ಗಾಳಿ ಎಳೆಯುತ್ತದೆ. ಪರೀಕ್ಷೆ ಸುಲಭ. ಒಲೆಯ ಹತ್ತಿರದ ಕಿಟಕಿಯನ್ನು ಎರಡು ಬೆರಳಗಲ ತೆರೆದು, ಐದು ನಿಮಿಷ ಬಿಟ್ಟು, ಬೈಪಾಸ್ (ಹೊಗೆಯನ್ನು ಕ್ಯಾಟಲಿಸ್ಟಿನೊಳಗೆ ಹಾಯಿಸದೆ ನೇರ ಚಿಮಣಿಗೆ ಬಿಡುವ ತಟ್ಟೆ) ತೆರೆದು, ಆಮೇಲೆ ಒಲೆಯ ಬಾಗಿಲನ್ನು ನಿಧಾನವಾಗಿ ತೆರೆಯಿರಿ. ಹೊಗೆ ಬರಲಿಲ್ಲವೆಂದರೆ ಮನೆ ಗಾಳಿಗಾಗಿ ಹಸಿದಿದೆ. ಸದ್ಯಕ್ಕೆ ಒಲೆ ಉರಿಯುವಾಗ ಅಡುಗೆ ಫ್ಯಾನ್ ಹಾಕಿದರೆ ಅಡುಗೆಮನೆಯ ಕಿಟಕಿಯೂ ತೆರೆದಿರಲಿ. ಕಾಯಂ ಪರಿಹಾರವಾಗಿ ಬದಲಿ ಗಾಳಿಯ ಕೊಳವೆ ಹಾಕಿಸಬಹುದು, ಅಥವಾ ಒಲೆಗೆ ನೇರವಾಗಿ ಹೊರಗಿನ ಗಾಳಿ ಕೊಡುವ ಕೊಳವೆ ನಿಮ್ಮ ಮಾದರಿಗೆ ಸಿಗುತ್ತದೆಯೇ ನೋಡಬಹುದು. ಎರಡನೆಯದು ಮುಚ್ಚಿದ ಬಾಗಿಲಿನ ಒಲೆಗೆ ಸಹಾಯ ಮಾಡುತ್ತದೆ, ಬಾಗಿಲು ತೆರೆದ ಗಳಿಗೆಯ ಹೊಗೆಯನ್ನು ತಡೆಯಲಾರದು.

ಇನ್ನು ಒಲೆಯನ್ನೇ ನೋಡೋಣ. ಪೂರ್ತಿ ಆರಿ ತಣ್ಣಗಾದ ಮೇಲೆ, ಬಾಗಿಲಿನ ಅಂಚಿನಲ್ಲಿ ಡಾಲರ್ ನೋಟೊಂದನ್ನು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸುತ್ತಲೂ ಹೀಗೆ ಮಾಡಿ. ಎಲ್ಲಿ ಸಲೀಸಾಗಿ ಜಾರಿ ಬಂತೋ ಅಲ್ಲಿ ಸಂದು ಮುಚ್ಚುವ ಹಗ್ಗದಂಥ ಗ್ಯಾಸ್ಕೆಟ್ ಸವೆದಿದೆ. ಬೈಪಾಸ್ ತಟ್ಟೆ ಕೂರುವ ಜಾಗದಲ್ಲಿ ಗಟ್ಟಿ ಮಸಿ ಅಥವಾ ಬೂದಿ ಸೇರಿಕೊಂಡು ಅದು ಪೂರ್ತಿ ಮುಚ್ಚದಿದ್ದರೆ ಹೊಗೆ ಕ್ಯಾಟಲಿಸ್ಟನ್ನು ತಪ್ಪಿಸಿಕೊಂಡು ಪಕ್ಕದಿಂದ ಹೋಗುತ್ತದೆ, ಇದು ಹಲವರ ಕಣ್ಣಿಗೆ ಬೀಳದ ದೋಷ. ಥರ್ಮಾಮೀಟರಿನ ಕಡ್ಡಿಯನ್ನೂ ಹೊರಗೆ ತೆಗೆದು ಒರೆಸಿ. ಮಸಿ ಹತ್ತಿದ ಕಡ್ಡಿ ಇರುವ ಬಿಸಿಯನ್ನು ತೋರಿಸುವುದಿಲ್ಲ.

ಆಮೇಲೆ ಕ್ಯಾಟಲಿಸ್ಟ್. ಟಾರ್ಚ್ ಹಿಡಿದು ನೋಡಿ. ಕಣ್ಣುಗಳಲ್ಲಿ ಬೂದಿ ತುಂಬಿದ್ದರೆ ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ಸವರಿ, ಬೂದಿಗೆಂದೇ ಇರುವ ವ್ಯಾಕ್ಯೂಮ್‌ನಿಂದ ಎಳೆಸಿ. ತಂತಿ ತುರುಕಬೇಡಿ, ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಲೇಪ ಕಿತ್ತುಬರುತ್ತದೆ. ಕೂದಲೆಳೆಯಂಥ ಬಿರುಕುಗಳಿಗೆ ಹೆದರಬೇಕಾಗಿಲ್ಲ. ತುಂಡುಗಳು ಉದುರಿದ್ದರೆ, ಮೇಲ್ಮೈ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದ್ದರೆ ಅದರ ಕಾಲ ಮುಗಿಯಿತು. ಸಿಪ್ಪೆ ಏಳುವುದು ಸಾಮಾನ್ಯವಾಗಿ ವಿಪರೀತ ಬಿಸಿಯಿಂದ, 1700 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಉರಿದದ್ದರಿಂದ. ಬಿರುಕು ಹೆಚ್ಚಾಗಿ ಕೆಂಪಗೆ ಕಾದ ಪಿಂಗಾಣಿಗೆ ತಣ್ಣಗಿನ ಹಸಿ ಸೌದೆಯ ಆವಿ ಬಡಿದದ್ದರಿಂದ. ಹಸಿ ಸೌದೆಯ ಮೇಲೆ ನನಗಿರುವ ಸಿಟ್ಟಿಗೆ ಇದೂ ಒಂದು ಕಾರಣ.

ವಿನೆಗರ್ ಮಾತು ಕಟ್ಟುಕಥೆಯಲ್ಲ. ಬೂದಿಯಲ್ಲಿರುವ ಪೊಟ್ಯಾಸಿಯಮ್‌ನಂಥ ಕ್ಷಾರಗಳು ಲೇಪದ ಮೇಲೆ ಪದರವಾಗಿ ಕೂರುತ್ತವೆ, ಹುಳಿ ಅದನ್ನು ಕರಗಿಸುತ್ತದೆ. ಬಿಳಿ ವಿನೆಗರ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಸಮ ಬೆರೆಸಿ, ಪಿಂಗಾಣಿಯ ಕ್ಯಾಟಲಿಸ್ಟನ್ನು ಅದರಲ್ಲಿ ಅರ್ಧ ಗಂಟೆ ಸಣ್ಣಗೆ ಕುದಿಸಿ, ಮತ್ತೆ ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಕುದಿಸಿ ತೊಳೆಯುವುದು ಕ್ರಮ. ಪೂರ್ತಿ ಒಣಗಿದ ಮೇಲೆಯೇ ಒಳಗೆ ಕೂರಿಸಬೇಕು. ಅಡುಗೆಯ ಪಾತ್ರೆಯನ್ನು ಇದಕ್ಕೆ ಬಳಸಬೇಡಿ. ಮುದಿಯಾದ ಕ್ಯಾಟಲಿಸ್ಟಿಗೆ ಇದರಿಂದ ಒಂದು ಚಳಿಗಾಲದ ಮಟ್ಟಿಗೆ ಜೀವ ಬಂದದ್ದನ್ನು ನಾನೇ ಕಂಡಿದ್ದೇನೆ. ಲೇಪವೇ ಕಿತ್ತುಹೋಗಿದ್ದರೆ ಎಷ್ಟು ಕುದಿಸಿದರೂ ಬಾರದು. ಕೆಲವು ಮಾದರಿಗಳಲ್ಲಿ ಉಕ್ಕಿನ ಹಾಳೆಯ ಕ್ಯಾಟಲಿಸ್ಟ್ ಇರುತ್ತದೆ. ಕೈಪಿಡಿ ಓದದೆ ಅದಕ್ಕೆ ಹುಳಿ ಮುಟ್ಟಿಸಬೇಡಿ. ಹೊರಗೆ ತೆಗೆಯುವಾಗ ಸುತ್ತಲಿನ ಗ್ಯಾಸ್ಕೆಟ್ ಹರಿದೇ ಹರಿಯುತ್ತದೆ, ಹೊಸದನ್ನು ಮೊದಲೇ ತರಿಸಿಟ್ಟುಕೊಳ್ಳಿ.

ರಟ್ಟಿನ ಡಬ್ಬಿ, ಬಣ್ಣದ ಕಾಗದ? ಈ ಸಲದ ಕಾಯಿಲೆಗೆ ಅವು ಮುಖ್ಯ ಕಾರಣವಲ್ಲ ಎಂದು ನನಗನ್ನಿಸುತ್ತದೆ, ಆದರೂ ಇವತ್ತೇ ನಿಲ್ಲಿಸಿ. ರಟ್ಟಿನ ಹಗುರ ಬೂದಿ ಹಾರಿ ಕ್ಯಾಟಲಿಸ್ಟಿನ ಕಣ್ಣು ಮುಚ್ಚುತ್ತದೆ. ಬಣ್ಣದ ಶಾಯಿ, ಪೇಂಟ್ ಬಳಿದ ಮರ, ಪ್ಲಾಸ್ಟಿಕ್, ಕಲ್ಲಿದ್ದಲು ಇವುಗಳಿಂದ ಬರುವ ಸೀಸ, ಸತು, ಗಂಧಕದಂಥವು ಲೇಪಕ್ಕೆ ವಿಷ. ಔಷಧ ಹೊಡೆದ ಹಳೆಯ ಡೆಕ್ಕಿನ ಹಲಗೆಯಲ್ಲಿ ಆರ್ಸೆನಿಕ್ ಇರಬಹುದು, ಅದು ನಿಮಗೂ ವಿಷ. ಮನೆಯಲ್ಲಿ ಹಬ್ಬ ಮುಗಿದ ಮೇಲೆ ಉಳಿಯುವ ಜರಿ ಕಾಗದ, ದೇವರ ಮುಂದಿನ ಪ್ಲಾಸ್ಟಿಕ್ ಹಾರ, ಮಂಟಪದ ಥರ್ಮೋಕೋಲ್ ಅನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬಾರದೆ ಒಲೆಗೆ ಹಾಕುವವರನ್ನು ನೋಡಿದ್ದೇನೆ. ಅವರ ಭಾವ ನನಗೆ ಅರ್ಥವಾಗುತ್ತದೆ. ಆದರೆ ಈ ಒಲೆ ಅದಕ್ಕೆ ತಕ್ಕ ಅಗ್ನಿಯಲ್ಲ. ಉರಿ ಹತ್ತಿಸಲು ಬರಿ ಕಪ್ಪು ಶಾಯಿಯ ಸುದ್ದಿಪತ್ರಿಕೆಯ ಎರಡು ಹಾಳೆ, ಬೆರಳು ದಪ್ಪದ ಒಣ ಚಕ್ಕೆ ಸಾಕು.

ಕ್ಯಾಟಲಿಸ್ಟನ್ನು ತೆಗೆದೇ ಬಿಡಿ ಎಂಬ ಸಲಹೆಗೆ ನಾನು ಸ್ಪಷ್ಟವಾಗಿ ಬೇಡ ಎನ್ನುತ್ತೇನೆ. ಒಲೆಯ ಹಿಂಬದಿಯ ಫಲಕ ಓದಿ: ಅದನ್ನು ತೆಗೆದು ಅಥವಾ ನಿಷ್ಕ್ರಿಯಗೊಳಿಸಿ ಒಲೆ ಉರಿಸುವುದು ಕೇಂದ್ರದ ನಿಯಮಕ್ಕೆ ವಿರುದ್ಧ ಎಂದು ಬರೆದಿರುತ್ತದೆ. 1988ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ತಂದ ನಿಯಮಗಳಿಂದ ಶುರುವಾಗಿ, ಹೊಸ ಒಲೆ ಗಂಟೆಗೆ ಉಗುಳಬಹುದಾದ ಸೂಕ್ಷ್ಮ ಕಣಗಳ ಮಿತಿ 2020ರ ಹೊತ್ತಿಗೆ 2 ಗ್ರಾಮಿಗೆ ಇಳಿದಿದೆ. ಕಾನೂನಿನ ಮಾತು ಬಿಟ್ಟರೂ, ಈ ಒಲೆಯ ಗಾಳಿದಾರಿಯನ್ನು ಕ್ಯಾಟಲಿಸ್ಟಿನ ತಡೆಯನ್ನು ಲೆಕ್ಕಕ್ಕೆ ಹಿಡಿದೇ ರೂಪಿಸಿರುತ್ತಾರೆ. ಅದನ್ನು ತೆಗೆದರೆ ಸೆಳೆತ ಹೆಚ್ಚಿ ‘ಚೆನ್ನಾಗಿ ಉರಿಯುತ್ತದೆ’ ನಿಜ; ಶಾಖವೆಲ್ಲ ಚಿಮಣಿಗೆ, ಸುಡದ ಹೊಗೆ ಪಕ್ಕದ ಮನೆಗೆ, ಕ್ರಿಯೋಸೋಟ್ ಗೋಡೆಗೆ. ಹೊಗೆಯ ಆ ಸೂಕ್ಷ್ಮ ಕಣಗಳು ಮೊದಲು ತಾಗುವುದು ನಿಮ್ಮ ಮಗಳಂಥ ಮಕ್ಕಳ ಎದೆಗೆ.

ಕ್ಯಾಟಲಿಸ್ಟ್ ಕೆಂಪಗೆ ಹೊಳೆಯದಿದ್ದರೆ ಸತ್ತಂತೆ ಎಂಬ ನಂಬಿಕೆಯೂ ಇದೆ. ಅದು ತುಂಬ ಹೊಗೆ ಸುಡುವಾಗ ಹೊಳೆಯುತ್ತದೆ, ಸೌದೆ ಕೆಂಡವಾದ ಮೇಲೆ ಕಪ್ಪಾಗಿಯೇ ಕೆಲಸ ಮಾಡುತ್ತಿರುತ್ತದೆ. ನಂಬಬೇಕಾದದ್ದು ಮುಳ್ಳನ್ನು ಮತ್ತು ಚಿಮಣಿಯ ತುದಿಯನ್ನು.

ಈಗ ನಿಮ್ಮ ಮುಂದಿರುವ ದಾರಿಗಳು. ಈ ಚಳಿಗಾಲಕ್ಕೆ ನಿಮ್ಮ ಓಕ್ ಒಣಗುವುದಿಲ್ಲ. ಒಲೆಯ ಪಕ್ಕ ಪೇರಿಸಿ ಒಣಗಿಸುತ್ತೇನೆ ಎಂದು ಹೊರಡಬೇಡಿ, ಅದರಿಂದ ಮನೆಗಳು ಸುಟ್ಟಿವೆ. ಬಿಸಿ ಗೂಡಿನಲ್ಲಿ (ಕಿಲ್ನ್) ಒಣಗಿಸಿದ ಸೌದೆಯನ್ನು ಕೊಳ್ಳಬಹುದು, ಬೆಲೆ ಜಾಸ್ತಿ, ಅದನ್ನೂ ಮೀಟರಿನಿಂದ ಅಳೆದೇ ಕೊಳ್ಳಿ. ಮರದ ಹೊಟ್ಟನ್ನು ಒತ್ತಿ ಮಾಡಿದ, ಮೇಣ ಬೆರೆಸದ ಇಟ್ಟಿಗೆಗಳು ತುಂಬ ಒಣಗಿರುತ್ತವೆ, ಕೈಪಿಡಿ ಒಪ್ಪಿದರೆ ಬಳಸಿ. ಆದರೆ ಸೌದೆ ತುಂಬಿದಂತೆ ಒಲೆತುಂಬ ತುಂಬಿದರೆ ಒಲೆ ಮಿತಿಮೀರಿ ಕಾಯುತ್ತದೆ, ಎರಡು ಮೂರರಿಂದ ಶುರುಮಾಡಿ. ಓಕ್ ರಾಶಿಯನ್ನು ನೆಲದಿಂದ ಎತ್ತರಿಸಿ, ಮೇಲೆ ಮಾತ್ರ ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಟ್ಟು ಎರಡು ವರ್ಷ ಮರೆತುಬಿಡಿ. ಮುಂದಿನ ಚಳಿಗಾಲಕ್ಕೆ ಬರುವ ವಸಂತದಲ್ಲೇ ಆ್ಯಶ್ ಮರದ ಸೌದೆ ತರಿಸಿ ಸೀಳಿ ಪೇರಿಸಿ, ಒಂದು ಬೇಸಿಗೆಗೆ ಒಣಗುವ ಮರ ಅದು. ಆ್ಯಶ್ ಮರವನ್ನು ಕೊಲ್ಲುವ ಪಚ್ಚೆ ದುಂಬಿ ವರ್ಮಾಂಟ್‌ನಲ್ಲಿ 2018ರಲ್ಲಿ ಪತ್ತೆಯಾಯಿತು. ಸೌದೆಯ ಜೊತೆಗೇ ಅದು ಊರೂರು ದಾಟುತ್ತದೆ, ಹಾಗಾಗಿ ಹತ್ತಿರದಲ್ಲೇ ಕಡಿದದ್ದನ್ನು ಕೊಳ್ಳಿ.

ಹೊಸ ಕ್ಯಾಟಲಿಸ್ಟ್ ಕೆಲವು ನೂರು ಡಾಲರಿನ ಖರ್ಚು. ಇದೇ ಸೌದೆಯ ಮೇಲೆ ಅದನ್ನು ಕೂರಿಸಿದರೆ ಹೊಸದೂ 400ರಲ್ಲೇ ನಿಲ್ಲುತ್ತದೆ, ಬಿರುಕು ಬಿಟ್ಟರೂ ಬಿಟ್ಟೀತು. ಒಲೆಯನ್ನೇ ಬದಲಿಸಿ ಕ್ಯಾಟಲಿಸ್ಟ್ ಇಲ್ಲದ್ದನ್ನು ತರಬಹುದು, ಆದರೆ ಅದಕ್ಕೂ ಒಣ ಸೌದೆಯೇ ಬೇಕು, ರಾತ್ರಿಯಿಡೀ ಉರಿಯುವ ಸುಖವೂ ಕಡಿಮೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಚಿಮಣಿ ಗುಡಿಸಿಸಿ, ಹತ್ತು ದಿನಕ್ಕಾಗುವಷ್ಟು ಒಣ ಸೌದೆ ಕೊಂಡು, ಆಮೇಲೆ ತೀರ್ಮಾನಿಸುತ್ತಿದ್ದೆ.

ಆ ಹತ್ತು ದಿನದ ಪರೀಕ್ಷೆ ಹೀಗಿರಲಿ. ಬೈಪಾಸ್ ತೆರೆದಿಟ್ಟು ಒಲೆ ಹಚ್ಚಿ, ಮುಳ್ಳು 500 ದಾಟಿ ಒಂದು ಹತ್ತು ನಿಮಿಷ ಅಲ್ಲೇ ನಿಲ್ಲುವವರೆಗೆ ಕಾಯಿರಿ. ಆಮೇಲೆ ಹೊರಗೆ ಹೋಗಿ ಚಿಮಣಿಯ ತುದಿ ನೋಡಿ ಬನ್ನಿ. ಬೈಪಾಸ್ ಮುಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಬಿಳಿಯಾಗಿ ಹೊರಟು ನಾಲ್ಕಾರು ಅಡಿಗೆ ಕರಗುವುದು ಆವಿ, ಅದಕ್ಕೆ ಚಿಂತೆಯಿಲ್ಲ. ನೀಲಿ ಬೂದು ಬಣ್ಣದಲ್ಲಿ ಎಳೆದುಕೊಂಡು ಹೋಗುವುದು ಹೊಗೆ. ಮುಚ್ಚಿದ ಮೇಲೆ ಹೊಗೆ ಕಡಿಮೆಯಾಗಿ, ಮುಳ್ಳು ತಾನಾಗಿ ಏರುತ್ತ ಹೋದರೆ ನಿಮ್ಮ ಕ್ಯಾಟಲಿಸ್ಟ್ ಬದುಕಿದೆ. ಒಣ ಸೌದೆ, ಗುಡಿಸಿದ ಚಿಮಣಿ, ಬಿಗಿಯಾದ ಬೈಪಾಸ್ ಎಲ್ಲ ಇದ್ದೂ ಮುಚ್ಚಿದಾಗಲೆಲ್ಲ ಮುಳ್ಳು ಬೀಳುತ್ತ, ಹೊಗೆ ಹಾಗೆಯೇ ಇದ್ದರೆ ಒಮ್ಮೆ ವಿನೆಗರ್ ಉಪಚಾರ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಹೊಸದನ್ನು ಕೊಳ್ಳಿ, ಆಗ ಆ ಹಣ ವ್ಯರ್ಥವಲ್ಲ.

ಇಷ್ಟಾದ ಮೇಲೆ ಮೂರು ಅಂಕಿ ನನಗೆ ಬರೆದು ಕಳುಹಿಸಿ: ಓಕ್‌ನ ಒಳಮೈಯ ತೇವಾಂಶ, ಚಿಮಣಿ ಕೆಲಸದವರು ಕಂಡ ಮಸಿಯ ದಪ್ಪ, ಬೈಪಾಸ್ ಮುಚ್ಚಿದ ಇಪ್ಪತ್ತು ನಿಮಿಷಕ್ಕೆ ಮುಳ್ಳು ನಿಂತ ಜಾಗ. ಕ್ಯಾಟಲಿಸ್ಟಿನ ಬಗ್ಗೆ ಖಚಿತವಾಗಿ ಹೇಳಲು ನನಗೆ ಅಷ್ಟು ಬೇಕು. ಅಲಾರ್ಮಿನ ತಾರೀಖನ್ನು ಮಾತ್ರ ಈ ಉತ್ತರ ಓದಿ ಮುಗಿಸಿದ ಕೂಡಲೇ ಎದ್ದು ನೋಡಿ.